ಪತ್ರಿಕೆ ಯಾಕೆ ತಡವಾಯ್ತು? ಸಣ್ಣ ತಾಂತ್ರಿಕ ಮಾಸಿಕ ತರುವವರಿಗೆ ಒಂದು ದೋಷ ನಿವಾರಣೆ ಕೈಪಿಡಿ

‘ಸಾರ್, ಈ ತಿಂಗಳ ಪುಸ್ತಕ ಇನ್ನೂ ಬಂದಿಲ್ಲ.’

ತಿಂಗಳ 15 ದಾಟಿದರೆ ಸಾಕು, ನಮ್ಮ ಫೋನಿನಲ್ಲಿ ಈ ಮಾತು ಶುರುವಾಗುತ್ತಿತ್ತು. ನಮ್ಮ ಉತ್ತರವೂ ಬಾಯಿಪಾಠ ಆಗಿತ್ತು: ‘ನಾವು ಕಳಿಸಿ ಆಯ್ತು ಸಾರ್, ಅಂಚೆಯಲ್ಲಿ ತಡ ಆಗಿರಬೇಕು.’ ತುಂಬಾ ವರ್ಷ ಇದನ್ನು ನಾವೇ ನಂಬಿದ್ದೆವು.

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಿಂದ ಮಾಸಿಕ ತರುತ್ತೇವೆ. ಪಂಪ್‌ಸೆಟ್, ಮನೆ ವೈರಿಂಗ್, ಸೋಲಾರ್, ಸಣ್ಣಪುಟ್ಟ ಎಲೆಕ್ಟ್ರಾನಿಕ್ಸ್ ನಮ್ಮ ವಿಷಯ. ಒಳಗೆ 32 ಪುಟ, ಹೊರಗೆ 4 ಪುಟದ ಕವರ್. 1,400 ಪ್ರತಿ ಅಂಚೆಗೆ ಹೋಗುತ್ತವೆ. ಓದುವವರು ಐಟಿಐ ಹುಡುಗರು, ಮೋಟಾರ್ ರಿವೈಂಡಿಂಗ್ ಅಂಗಡಿಯವರು, ತೋಟದ ರೈತರು. ಮಳೆಗಾಲಕ್ಕೆ ಮೊದಲು ಅರ್ಥಿಂಗ್ ಸರಿ ಮಾಡಿಕೊಳ್ಳಿ ಎಂದು ಮೇ ಸಂಚಿಕೆಯಲ್ಲಿ ಬರೆದದ್ದು ಜೂನ್ ಮಧ್ಯದಲ್ಲಿ ಕೈಗೆ ಸಿಕ್ಕರೆ ಏನು ಬಂತು? ನಮಗೆ ತಡ ಅಂದರೆ ಬರೀ ಮುಜುಗರದ ವಿಷಯ ಆಗಿರಲಿಲ್ಲ.

ಬೋರ್‌ವೆಲ್ ಮೋಟಾರ್ ಓಡಲಿಲ್ಲ ಅಂದರೆ ಯಾರೂ ಮೊದಲು ಪೈಪು ಬಿಚ್ಚಿ ಮೋಟಾರ್ ಎತ್ತುವುದಿಲ್ಲ. ಸ್ಟಾರ್ಟರ್‌ಗೆ ಮೂರು ಫೇಸ್ ಬರ್ತಿದೆಯಾ ನೋಡುತ್ತೇವೆ, ಫ್ಯೂಸ್ ನೋಡುತ್ತೇವೆ, ಕೇಬಲ್ ಜಾಯಿಂಟ್ ನೋಡುತ್ತೇವೆ. ಪತ್ರಿಕೆ ವಿಷಯದಲ್ಲಿ ಮಾತ್ರ ನಾವು ಸೀದಾ ಕೊನೆಗೆ, ಅಂಚೆಗೆ ಕೈ ಹಾಕುತ್ತಿದ್ದೆವು. ಒಂದು ವರ್ಷ ಪ್ರತಿ ಹಂತದ ತಾರೀಕು ಬರೆದಿಟ್ಟ ಮೇಲೆ ಗೊತ್ತಾಯಿತು: ತಡ ಕಾಣುವುದು ಅಂಚೆಯಲ್ಲಿ, ಹುಟ್ಟುವುದು ಬಹುಪಾಲು ನಮ್ಮ ಮೇಜಿನ ಮೇಲೆ.

ಮೊದಲು ಫೋನ್ ಮಾಡಿದವರ ಪಟ್ಟಿ ಓದಿ

ಯಾರಿಗೂ ಬೈಯುವ ಮೊದಲು, ಫೋನು ಬಂದವರ ಹೆಸರು, ಊರು, ಪಿನ್‌ಕೋಡ್, ಲೇಬಲ್ ಸಂಖ್ಯೆ ಒಂದು ಹಾಳೆಯಲ್ಲಿ ಬರೆಯಿರಿ. ಹತ್ತು ಹನ್ನೆರಡು ಹೆಸರಾದರೆ ಸಾಕು, ದೋಷ ಎಲ್ಲಿದೆ ಅಂತ ಹಾಳೆಯೇ ಹೇಳುತ್ತದೆ.

ಎಲ್ಲ ಜಿಲ್ಲೆಯವರಿಗೂ ಒಂದೇ ಸಮ ತಡವಾಗಿದೆಯಾ? ಹಾಗಾದರೆ ಅಂಚೆಯನ್ನು ಬಿಡಿ. ನೀವು ಕೊಟ್ಟಿದ್ದೇ ತಡ. ಒಂದು ಜಿಲ್ಲೆಯವರಿಗೆ ಮಾತ್ರ ಬಂದಿಲ್ಲ ಅಂದರೆ ಒಂದು ಕಟ್ಟು ದಾರಿ ತಪ್ಪಿದೆ. ಒಂದೇ ಪಿನ್‌ಕೋಡ್ ಆದರೆ ಅಲ್ಲಿನ ಅಂಚೆ ಕಚೇರಿಯಲ್ಲಿ ವಿಚಾರಿಸಬೇಕು. ಊರುಗಳು ಬೇರೆ ಬೇರೆ, ಆದರೆ ಲೇಬಲ್ ಸಂಖ್ಯೆ 481ರಿಂದ 504ರವರೆಗೆ ಸಾಲಾಗಿದೆಯಾ? ಒಂದು ಲೇಬಲ್ ಹಾಳೆ ನಿಮ್ಮ ಕೋಣೆಯಲ್ಲೇ ಉಳಿದಿದೆ. ಟೇಬಲ್ ಕೆಳಗೆ ನೋಡಿ. ಹೊಸ ಚಂದಾದಾರರಿಗೆ ಮಾತ್ರ ಬಂದಿಲ್ಲ ಅಂದರೆ ಹಳೇ ಫೈಲಿನಿಂದ ಪ್ರಿಂಟ್ ತೆಗೆದಿದ್ದೀರಿ. ಒಬ್ಬರಿಗೇ ತಿಂಗಳು ಬಿಟ್ಟು ತಿಂಗಳು ತಪ್ಪುತ್ತಿದ್ದರೆ ಅವರ ಬೀದಿಯಲ್ಲಿ, ಹಾಸ್ಟೆಲಿನಲ್ಲಿ, ಅಂಗಡಿ ಬಾಗಿಲಲ್ಲಿ ಏನೋ ಇದೆ. ಅಲ್ಲಿ ಪತ್ರಿಕೆಯನ್ನು ಬೇರೆಯವರು ಓದಲು ಒಯ್ದಿರುವುದೂ ಉಂಟು.

ಇಷ್ಟು ಮಾಡಲು ಅರ್ಧ ಗಂಟೆ ಬೇಕು. ಇದನ್ನು ಮಾಡದೆ ನಾವು ಅಂಚೆ ಕಚೇರಿಗೆ ಎಷ್ಟು ಸಲ ಸುಮ್ನೆ ಓಡಾಡಿದ್ದೇವೆ ಅಂತ ನೆನೆದರೆ ಈಗಲೂ ಬೇಜಾರಾಗುತ್ತದೆ.

ತಾರೀಕು ಪುಸ್ತಕ

200 ಪುಟದ ಒಂದು ನೋಟ್‌ಬುಕ್ ತನ್ನಿ. ಪ್ರತಿ ಸಂಚಿಕೆಗೆ ಒಂದು ಪುಟ. ಕೊನೆಯ ಲೇಖನ ಬಂದ ದಿನ, ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ) ಮುಗಿದ ದಿನ, ಮೊದಲ ಪ್ರೂಫ್ (ತಪ್ಪು ತಿದ್ದಲು ತೆಗೆದ ಪ್ರತಿ), ಕೊನೆಯ ಪ್ರೂಫ್, ಪ್ರೆಸ್ಸಿಗೆ ಪಿಡಿಎಫ್ ಕೊಟ್ಟ ದಿನ, ಪ್ಲೇಟ್ (ಅಚ್ಚು ಹಾಕುವ ತಗಡು) ಆದ ದಿನ, ಒಳಪುಟ ಅಚ್ಚಾದ ದಿನ, ಕವರ್ ಅಚ್ಚಾದ ದಿನ, ಪಿನ್ ಹೊಡೆದು ಕಟಿಂಗ್ ಆದ ದಿನ, ಲೇಬಲ್ ಅಂಟಿಸಿ ಮುಗಿದ ದಿನ, ಅಂಚೆಗೆ ಕೊಟ್ಟ ದಿನ. ಆಗಬೇಕಿದ್ದ ತಾರೀಕು ಎಡಕ್ಕೆ, ಆದ ತಾರೀಕು ಬಲಕ್ಕೆ.

ಒಂದು ಎಚ್ಚರಿಕೆ. ‘ಪ್ರೆಸ್ಸಿಗೆ ಕೊಟ್ಟ ದಿನ’ ಅಂದರೆ ನೀವು ಮೇಲ್ ಮಾಡಿದ ದಿನ ಅಂತ ಬರೆಯಬೇಡಿ. ಪ್ರೆಸ್ಸಿನವರು ಫೈಲ್ ತೆರೆದು ‘ಸರಿ ಇದೆ’ ಎಂದ ದಿನ ಬರೆಯಿರಿ. ಒಮ್ಮೆ ನಾವು ಶುಕ್ರವಾರ ರಾತ್ರಿ ಕಳಿಸಿದ ಫೈಲನ್ನು ಅವರು ಸೋಮವಾರ ಮಧ್ಯಾಹ್ನ ತೆರೆದರು. ತೆರೆದಾಗ ಒಂದು ಫಾಂಟ್ ಇರಲಿಲ್ಲ. ನಮ್ಮ ಪುಸ್ತಕದಲ್ಲಿ ಆ ಮೂರು ದಿನ ‘ಪ್ರೆಸ್ ತಡ’ ಎಂದು ಬಿದ್ದಿತ್ತು. ಅದು ನಮ್ಮ ತಡ.

ಡಿಟಿಪಿಯಲ್ಲಿ ನಿಂತುಹೋದ ದಿನಗಳು

ಕನ್ನಡದಲ್ಲಿ ತಾಂತ್ರಿಕ ಪತ್ರಿಕೆ ಮಾಡುವವರಿಗೆ ಅತಿ ಜಾಸ್ತಿ ದಿನ ಹಾಳಾಗುವ ಜಾಗ ಇದು. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಲೇಖಕರು ಮೊಬೈಲಿನಲ್ಲೋ ಲ್ಯಾಪ್‌ಟಾಪಿನಲ್ಲೋ ಯೂನಿಕೋಡ್‌ನಲ್ಲಿ (ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿ) ಬರೆದು ಕಳಿಸುತ್ತಾರೆ. ಡಿಟಿಪಿಯವರ ಕೈ ಕುದುರಿರುವುದು ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಈ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರ ಅಂತ ಕಂಪ್ಯೂಟರ್‌ಗೆ ಗೊತ್ತೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರಗಳು, ಚಿಹ್ನೆಗಳು ಇರುವ ಮನೆಯಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಕಥೆ, ಕವನಕ್ಕೆ ಇದರಿಂದ ದೊಡ್ಡ ತೊಂದರೆ ಇಲ್ಲ. ನಮ್ಮ ಲೇಖನಗಳಲ್ಲಿ ಸಾಲಿಗೊಂದು ಇಂಗ್ಲಿಷ್ ಅಕ್ಷರ, ಒಂದು ಚಿಹ್ನೆ ಇರುತ್ತದಲ್ವಾ, ಅಲ್ಲಿ ಕೆಡುತ್ತದೆ.

ಒಂದು ಪ್ರೂಫ್ ನನ್ನ ಮುಂದೆಯೇ ಇದೆ. ಲೇಖಕರು 5 ಸಂಖ್ಯೆಯ ಪಕ್ಕ ವೋಲ್ಟ್ ಎನ್ನಲು ಇಂಗ್ಲಿಷಿನ ‘ವಿ’ ಅಕ್ಷರ ಹಾಕಿದ್ದರು. ನುಡಿ ಫಾಂಟಿಗೆ ಬಂದಾಗ ಅದು ‘5ಗಿ’ ಆಗಿದೆ. ಯಾಕೆಂದರೆ ಆ ಅಕ್ಷರದ ಮನೆಯಲ್ಲಿ ‘ಗಿ’ ಕೂತಿದೆ. ‘ಡಿಸಿ’ ಎಂಬ ಎರಡು ಇಂಗ್ಲಿಷ್ ಅಕ್ಷರ ‘ಆಅ’ ಆಗಿದೆ. ಕೆಪಾಸಿಟರ್‌ನ ಬೆಲೆ 10 ಮೈಕ್ರೋಫ್ಯಾರಡ್ ಇದ್ದಲ್ಲಿ 10ರ ಮುಂದೆ ತಲೆಕಟ್ಟಿಲ್ಲದ ಒಂದು ‘ಷ’, ಅದರ ಪಕ್ಕ ‘ಈ’. ಪ್ರೂಫ್ ನೋಡುವವರು ಒಳ್ಳೆಯ ಕನ್ನಡ ಮೇಷ್ಟ್ರು. ಅವರು ‘ಗಿ’ಯನ್ನು ಹಿಂದಿನ ಪದಕ್ಕೆ ಸೇರಿಸಿ ‘ಐದಾಗಿ’ ಎಂದು ತಿದ್ದಿದ್ದರು. ಅವರ ತಪ್ಪು ಅನ್ನುವ ಹಾಗಿಲ್ಲ. ಆ ಒಂದು ಲೇಖನ ಮೂರು ಸಲ ಪ್ರೂಫ್ ನೋಡಿ ನಾಲ್ಕು ದಿನ ತಿಂದಿತು.

ಪತ್ತೆ ಹಚ್ಚುವುದು ಸುಲಭ. ಮೊದಲ ಪ್ರೂಫ್‌ಗೂ ಕೊನೆಯ ಪ್ರೂಫ್‌ಗೂ ನಡುವೆ ಎರಡು ದಿನಕ್ಕಿಂತ ಜಾಸ್ತಿ ಆಗಿದ್ದರೆ, ತಿದ್ದಿದ ಹಾಳೆಗಳನ್ನು ಎತ್ತಿ ನೋಡಿ. ಕೆಂಪು ಗುರುತು ಮಾತಿನ ಮೇಲೆ ಬಿದ್ದಿದೆಯೋ, ಅಂಕಿ, ಚಿಹ್ನೆ, ಅರ್ಕಾವೊತ್ತುಗಳ ಮೇಲೆ ಬಿದ್ದಿದೆಯೋ? ಎರಡನೆಯದಾದರೆ ಲೇಖಕರದ್ದೂ ಅಲ್ಲ, ಡಿಟಿಪಿಯವರ ಕೈಯದ್ದೂ ಅಲ್ಲ. ಯೂನಿಕೋಡ್‌ನಿಂದ ಹಳೆಯ ಫಾಂಟಿಗೆ ಬದಲಿಸುವಾಗ ಆದದ್ದು.

ಪೂರ್ತಿ ಪರಿಹಾರ ಅಂದರೆ ಯೂನಿಕೋಡ್‌ನಲ್ಲೇ ಪುಟ ಕಟ್ಟುವುದು. ಪುಟ ಕಟ್ಟುವ ತಂತ್ರಾಂಶ ಇನ್‌ಡಿಸೈನ್‌ನ ಹೊಸ ಆವೃತ್ತಿಗಳಲ್ಲಿ ಪ್ಯಾರಾ ಜೋಡಿಸುವ ಕಂಪೋಸರ್ ಅನ್ನು ವರ್ಲ್ಡ್ ರೆಡಿಗೆ ಬದಲಿಸಿದರೆ ಕನ್ನಡದ ಒತ್ತಕ್ಷರ ಸರಿಯಾಗಿ ಕೂರುತ್ತವೆ. ಅದನ್ನು ಬದಲಿಸದೆ ‘ಯೂನಿಕೋಡ್ ಬರಲ್ಲ ಸಾರ್’ ಅಂತ ಕೈಬಿಟ್ಟವರನ್ನು ನಾನು ನೋಡಿದ್ದೇನೆ. ನಮ್ಮ ಡಿಟಿಪಿ ಅಕ್ಕ ಹೊಸದಕ್ಕೆ ಒಗ್ಗಿಕೊಳ್ಳಲು ಎರಡು ಸಂಚಿಕೆ ಹಿಡಿಯಿತು, ಆ ಎರಡೂ ತಡವಾದವು. ಆಮೇಲೆ ಪ್ರೂಫ್ ಎರಡನೇ ಸಲಕ್ಕೇ ಮುಗಿಯತೊಡಗಿತು.

ಅಷ್ಟು ಬದಲಾಯಿಸಲು ಆಗದವರಿಗೆ ಒಂದು ದಾರಿ ಇದೆ. ಲೇಖನವನ್ನು ಹಳೆಯ ಫಾಂಟಿಗೆ ಬದಲಿಸುವ ಮೊದಲೇ ಎಲ್ಲ ಅಳತೆಗಳನ್ನೂ ಕನ್ನಡದಲ್ಲೇ ಬರೆದುಬಿಡಿ: 5 ವೋಲ್ಟ್, 10 ಮೈಕ್ರೋಫ್ಯಾರಡ್, 3 ಎಚ್‌ಪಿ. ಓದುಗರಿಗೂ ಅದೇ ಹಿತ. ಸರ್ಕ್ಯೂಟ್ ಚಿತ್ರದೊಳಗಿನ ಅಕ್ಷರಗಳನ್ನು ಚಿತ್ರದ ಭಾಗವಾಗಿಯೇ ಉಳಿಸಿ, ಮತ್ತೆ ಟೈಪ್ ಮಾಡಿಸಬೇಡಿ.

ಎರಡು ಪುಟದ ಜಾಹೀರಾತು, ಮೂರು ದಿನದ ತಡ

ಪ್ರೆಸ್ಸಿನಲ್ಲಿ ನಮ್ಮ ಪತ್ರಿಕೆ ಪುಟಗಳಾಗಿ ಅಚ್ಚಾಗುವುದಿಲ್ಲ, ಫಾರಂಗಳಾಗಿ ಅಚ್ಚಾಗುತ್ತದೆ. 25×36 ಇಂಚಿನ ಒಂದು ದೊಡ್ಡ ಹಾಳೆಯ ಎರಡೂ ಬದಿ ಸೇರಿ ಎ4 ಅಳತೆಯ 16 ಪುಟ. ಹಾಗಾಗಿ 32 ಪುಟಕ್ಕೆ ಎರಡು ಫಾರಂ. ಮಡಚಿ, ಒಂದರೊಳಗೊಂದು ಇಟ್ಟು, ನಡುವೆ ಪಿನ್ ಹೊಡೆದರೆ ಆಯಿತು. ನಡುಪಿನ್ನಿನ ಪತ್ರಿಕೆಗೆ ಪುಟ ಯಾವಾಗಲೂ ನಾಲ್ಕರ ಲೆಕ್ಕದಲ್ಲೇ ಬರಬೇಕು.

ಕೊನೆ ಗಳಿಗೆಯಲ್ಲಿ ಎರಡು ಪುಟ ಜಾಹೀರಾತು ಬಂತು ಅಂದುಕೊಳ್ಳಿ. ದುಡ್ಡು ಬರ್ತದಲ್ಲ ಅಂತ ಒಪ್ಪಿಕೊಳ್ಳುತ್ತೇವೆ. 34 ಪುಟ ಅನ್ನುವುದು ಇಲ್ಲವೇ ಇಲ್ಲ, 36 ಆಗಬೇಕು. ಉಳಿದ ಎರಡು ಪುಟಕ್ಕೆ ಲೇಖನ ಹುಡುಕಬೇಕು. ಆ ನಾಲ್ಕು ಪುಟಕ್ಕೆ ಬೇರೆ ಪ್ಲೇಟ್, ಬೇರೆ ಮಷೀನ್ ಸರದಿ, ಬೈಂಡಿಂಗ್‌ನಲ್ಲಿ ಇನ್ನೊಂದು ತುಂಡು ಸೇರಿಸುವ ಕೆಲಸ. ತೂಕವೂ ಏರುತ್ತದೆ. ಈಗ ನಾವು ಒಳಗಿನ ಎರಡು ಪುಟ ಮುಂದಿನ ತಿಂಗಳಿಗೆ ಹಾಕಬಹುದಾದ ಲೇಖನಕ್ಕೇ ಮೀಸಲಿಡುತ್ತೇವೆ. ಜಾಹೀರಾತು ಬಂದರೆ ಆ ಲೇಖನ ಹೊರಗೆ, ಇದು ಒಳಗೆ. ಪುಟಸಂಖ್ಯೆ ಅಲುಗಾಡುವುದಿಲ್ಲ.

ಪ್ಲೇಟ್ ಆದ ಮೇಲೆ ತಪ್ಪು ಕಂಡರೆ ಏನು ಮಾಡಬೇಕು? ಇದಕ್ಕೆ ನಮ್ಮಲ್ಲಿ ಒಂದು ಕಟ್ಟುನಿಟ್ಟು ಇದೆ. ಕಾಗುಣಿತ ತಪ್ಪು, ಹೆಸರಿನ ಇನಿಶಿಯಲ್ ತಪ್ಪು, ಚಿತ್ರ ಸ್ವಲ್ಪ ಮಸುಕು, ಇವಕ್ಕೆ ಮಷೀನ್ ನಿಲ್ಲಿಸುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ಓದಿದವರ ಕೈಗೆ, ಜೀವಕ್ಕೆ ಕುತ್ತು ಬರುವಂಥ ತಪ್ಪಾದರೆ ಎಷ್ಟು ದಿನ ತಡವಾದರೂ ಸರಿ, ನಿಲ್ಲಿಸಬೇಕು. ಒಂದು ಚಿತ್ರದ ಅಡಿಬರಹದಲ್ಲಿ ಫ್ಯೂಸನ್ನು ನ್ಯೂಟ್ರಲ್ ತಂತಿಗೆ ಹಾಕಿ ಅಂತ ಬಂದುಬಿಟ್ಟಿತ್ತು. ಫ್ಯೂಸ್ ಫೇಸ್‌ನಲ್ಲಿರಬೇಕು. ನ್ಯೂಟ್ರಲ್‌ನಲ್ಲಿದ್ದರೆ ಅದು ಸುಟ್ಟುಹೋದ ಮೇಲೂ ವೈರಿಂಗ್‌ನಲ್ಲಿ ಕರೆಂಟ್ ಜೀವಂತ ಇರುತ್ತದೆ, ದೀಪ ಆರಿದೆ ಅಂತ ನಂಬಿ ಕೈ ಹಾಕಿದವರ ಗತಿ ಏನು? ಅಚ್ಚಾಗಿದ್ದ 600 ಹಾಳೆ ರದ್ದಿಗೆ ಹಾಕಿ ಹೊಸ ಪ್ಲೇಟ್ ಮಾಡಿಸಿದೆವು. ಆ ತಿಂಗಳ ತಡಕ್ಕೆ ನನಗೆ ಬೇಸರ ಇಲ್ಲ.

ಪ್ರೆಸ್ಸಿನ ಸರದಿ, ಕಾಗದ, ಮಳೆ

1,400 ಪ್ರತಿಯ ಕೆಲಸ ಪ್ರೆಸ್ಸಿನವರಿಗೆ ದೊಡ್ಡ ಕೆಲಸ ಅಲ್ಲ. ಡಿಸೆಂಬರಿನಲ್ಲಿ ಡೈರಿ, ಕ್ಯಾಲೆಂಡರ್, ಮದುವೆ ಕಾಲದಲ್ಲಿ ಲಗ್ನಪತ್ರಿಕೆ, ಚುನಾವಣೆ ಬಂದರೆ ಕರಪತ್ರ. ಆಯುಧಪೂಜೆಗೆ ಮಷೀನ್ ತೊಳೆದು, ಕುಂಕುಮ ಹಚ್ಚಿ, ಬಾಳೆಕಂದು ಕಟ್ಟಿದ ಮೇಲೆ ಅದು ಓಡುವುದು ವಿಜಯದಶಮಿ ಕಳೆದ ಮೇಲೆಯೇ. ಇವೆಲ್ಲ ಕ್ಯಾಲೆಂಡರಿನಲ್ಲಿ ಮೊದಲೇ ಇರುವ ದಿನಗಳು. ಅಕ್ಟೋಬರಿನ ತಡ ಅನಿರೀಕ್ಷಿತ ಅಂತ ಪ್ರತಿ ವರ್ಷ ಹೇಳಿದರೆ ಹೇಗೆ?

ಸರದಿ ತಪ್ಪಿತೆಂದು ಅವಸರದಲ್ಲಿ ಬೇರೆ ಪ್ರೆಸ್ಸಿಗೆ ಹೋಗುವ ಮುನ್ನ ಯೋಚಿಸಿ. ಮುದ್ರಕರು ಬದಲಾದರೆ ಪತ್ರಿಕೆಯ ನೋಂದಣಿ ವಿವರವೂ ಬದಲಾಗಬೇಕು. 1867ರ ಹಳೆಯ ಕಾಯ್ದೆ ಹೋಗಿ, 2023ರ ಹೊಸ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಅರ್ಜಿಗಳೆಲ್ಲ ಈಗ ಪ್ರೆಸ್ ಸೇವಾ ಪೋರ್ಟಲ್ ಎಂಬ ಸರ್ಕಾರಿ ಜಾಲತಾಣದ ಮೂಲಕ. ಎರಡು ದಿನ ಉಳಿಸಲು ಹೋಗಿ ಕಾಗದಪತ್ರದ ಹೊಸ ತಲೆನೋವು ತಂದುಕೊಳ್ಳಬೇಡಿ.

ಮಳೆಗಾಲದಲ್ಲಿ ಇನ್ನೊಂದು ಕಾಟ. ಕಾಗದ ತೇವ ಎಳೆದುಕೊಂಡು ಅಂಚು ಅಲೆಅಲೆಯಾಗುತ್ತದೆ, ಮಷೀನಿಗೆ ಸರಿಯಾಗಿ ಹಿಡಿಯುವುದಿಲ್ಲ. ಮಸಿ ಬೇಗ ಒಣಗುವುದಿಲ್ಲ. ಒಣಗದ ಕವರನ್ನು ಒಂದರ ಮೇಲೊಂದು ಪೇರಿಸಿದರೆ ಮೇಲಿನ ಹಾಳೆಯ ಬೆನ್ನಿಗೆ ಮಸಿ ಅಂಟುತ್ತದೆ. ಜುಲೈ, ಆಗಸ್ಟ್ ಕವರಿಗೆ ಇಡೀ ಪುಟ ಕಡುನೀಲಿ ಬಳಿಯುವ ಆಸೆ ಬಿಡಿ, ಬಿಳಿ ಜಾಗ ಜಾಸ್ತಿ ಇರುವ ವಿನ್ಯಾಸ ಮಾಡಿ. ಕವರನ್ನು ಒಳಪುಟಕ್ಕಿಂತ ಮೊದಲೇ ಅಚ್ಚು ಹಾಕಿಸಿ, ಒಂದು ದಿನ ಒಣಗಲು ಬಿಡಿ.

ಆರು ಗ್ರಾಂ

ಒಂದು ಸಲ ಎಲ್ಲವೂ ಸಮಯಕ್ಕೆ ಮುಗಿದಿತ್ತು. ಕಟ್ಟುಗಳನ್ನು ಆಟೋದಲ್ಲಿ ಹಾಕಿಕೊಂಡು ಅಂಚೆ ಕೌಂಟರಿಗೆ ಹೋದೆವು. ಅಲ್ಲಿನ ಮೇಡಂ ಒಂದು ಪ್ರತಿ ತೂಕಕ್ಕೆ ಇಟ್ಟರು. 102 ಗ್ರಾಂ.

‘ಹೋದ ತಿಂಗಳು ನೂರರೊಳಗೆ ಇತ್ತಲ್ವಾ ಸಾರ್?’

ಇತ್ತು. ಲೆಕ್ಕ ನೋಡಿ. ಎ4 ಅಳತೆಯ 70 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದಕ್ಕೆ 70 ಗ್ರಾಂ) ಹಾಳೆ ಒಂದಕ್ಕೆ ಸುಮಾರು 4.4 ಗ್ರಾಂ. 32 ಪುಟ ಅಂದರೆ 16 ಹಾಳೆ, 70 ಗ್ರಾಂ. 130 ಜಿಎಸ್‌ಎಂ ಆರ್ಟ್ ಪೇಪರಿನ ಕವರ್ ಎರಡು ಹಾಳೆ, 16 ಗ್ರಾಂ. ಸೇರಿ 86. ಸುತ್ತುವ ಕಾಗದಪಟ್ಟಿ, ಲೇಬಲ್ ಸೇರಿದರೂ 92. ಆ ತಿಂಗಳು ಕಾಗದದ ಅಂಗಡಿಯಲ್ಲಿ ಒಳಪುಟಕ್ಕೆ ಬಳಸುವ 70ರ ಮ್ಯಾಪ್ಲಿಥೋ ಕಾಗದ ಇರಲಿಲ್ಲ. ‘80 ಕೊಟ್ಟಿದ್ದೀವಿ ಅಣ್ಣಾ, ಇನ್ನೂ ಚೆನ್ನಾಗಿದೆ’ ಅಂದಿದ್ದರು. ಒಳಪುಟವೇ 80 ಗ್ರಾಂ ಆಯಿತು, ಕವರ್ ಸೇರಿ 96, ಪಟ್ಟಿಯ ಆರು ಗ್ರಾಂ ಸೇರಿ 102.

ಆಗ ನಮಗಿದ್ದ, ಅಂಚೆಯಲ್ಲಿ ನೋಂದಾಯಿಸಿದ ಪತ್ರಿಕೆಗಳ ರಿಯಾಯಿತಿ ದರ 50 ಗ್ರಾಂವರೆಗೆ 25 ಪೈಸೆ, 100 ಗ್ರಾಂವರೆಗೆ 50 ಪೈಸೆ, ಅದರ ಮೇಲಿನ ಪ್ರತಿ 100 ಗ್ರಾಂಗೆ 20 ಪೈಸೆ. ಅಂದರೆ 1,400 ಪ್ರತಿಗೆ ಹೆಚ್ಚಾದದ್ದು 280 ರೂಪಾಯಿ. ದುಡ್ಡು ದೊಡ್ಡದಲ್ಲ. ಆದರೆ ನಾವು ತುಂಬಿದ್ದ ಕಾಗದದಲ್ಲಿ ಹಳೆಯ ತೂಕ, ಹಳೆಯ ಮೊತ್ತ ಇತ್ತು. ಬರೆದು ತಿದ್ದಿ, ಸಹಿ ತರುವಷ್ಟರಲ್ಲಿ ಕೌಂಟರ್ ಮುಚ್ಚಿತು. ಮಾರನೇ ದಿನ ಭಾನುವಾರ.

ಅಂದಿನಿಂದ ಪ್ರೆಸ್ಸಿನಲ್ಲಿ ಮೊದಲ ಪ್ರತಿ ಪಿನ್ ಆದ ಕೂಡಲೇ ಪಟ್ಟಿ ಸುತ್ತಿ, ಲೇಬಲ್ ಅಂಟಿಸಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಡುತ್ತೇವೆ. 95 ದಾಟಿದರೆ ಅಲ್ಲೇ ಅಂಚೆ ಕಚೇರಿಗೆ ಫೋನು.

ಲೇಬಲ್: ಕಣ್ಣಿಗೆ ಕಾಣದ ತಪ್ಪುಗಳು

ಪಿನ್‌ಕೋಡ್ 1972ರ ಆಗಸ್ಟ್ 15ರಂದು ಬಂದದ್ದು. ಮೊದಲ ಮೂರು ಅಂಕಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಕಿ ಅಂಚೆ ಕಚೇರಿ. ಕರ್ನಾಟಕದ್ದು 56ರಿಂದ 59ರೊಳಗೆ ಶುರುವಾಗುತ್ತದೆ. 560 ಬೆಂಗಳೂರು, 570 ಮೈಸೂರು, 575 ಮಂಗಳೂರು, 580 ಹುಬ್ಬಳ್ಳಿ ಧಾರವಾಡ, 585 ಕಲಬುರಗಿ, 590 ಬೆಳಗಾವಿ. ಈ ಆರು ಅಂಕಿ ಸರಿ ಇದ್ದರೆ ಕೈಬರಹ ಕೆಟ್ಟದಿದ್ದರೂ ಪತ್ರಿಕೆ ಹತ್ತಿರದ ಊರಿಗಾದರೂ ಹೋಗುತ್ತದೆ. ಅಂಕಿ ತಪ್ಪಿದರೆ ಎಷ್ಟು ಅಂದವಾದ ಲೇಬಲ್ ಇದ್ದರೂ ರಾಜ್ಯ ಸುತ್ತಿ ಬರುತ್ತದೆ.

ನಮ್ಮಲ್ಲಿ ಸಾಗರದ ಒಂದೇ ಬೀದಿಯ ಏಳು ಚಂದಾದಾರರಿದ್ದರು. ಮೊದಲನೆಯವರಿಗೆ ಸರಿಯಾಗಿ ಬರುತ್ತಿತ್ತು, ಉಳಿದ ಆರು ಜನಕ್ಕೆ ವಾರ ತಡ, ಕೆಲವು ಸಲ ವಾಪಸ್. ಒಂದೇ ಬೀದಿಗೆ ಹೀಗೇಕೆ ಅಂತ ಅಂಚೆಯವರನ್ನೇ ಶಂಕಿಸಿದೆವು. ಕೊನೆಗೆ ವಿಳಾಸಗಳ ಎಕ್ಸೆಲ್ ಫೈಲ್ ತೆರೆದು ನೋಡಿದರೆ ಒಂದೇ ಚೌಕದಲ್ಲಿ ‘ಸಾಗರ 577401’ ಎಂದು ಟೈಪ್ ಮಾಡಿ, ಮೂಲೆ ಹಿಡಿದು ಕೆಳಗೆ ಎಳೆದಿದ್ದರು. ಪದದ ಕೊನೆಯಲ್ಲಿ ಅಂಕಿ ಇದ್ದರೆ ಎಕ್ಸೆಲ್ ಅದನ್ನು ಒಂದೊಂದೇ ಏರಿಸುತ್ತದೆ. 577402, 577403, ಹೀಗೆ 577407ರವರೆಗೆ. ಊರಿನ ಹೆಸರು ಎಲ್ಲದರಲ್ಲೂ ಸಾಗರವೇ ಇದ್ದದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಿನ್‌ಕೋಡನ್ನು ಯಾವಾಗಲೂ ಬೇರೆ ಕಾಲಂನಲ್ಲಿ ಇಡಿ. ಆರು ಅಂಕಿ ಇಲ್ಲದ್ದನ್ನು, ರಾಜ್ಯದೊಳಗಿನ ವಿಳಾಸವಿದ್ದೂ 5ರಿಂದ ಶುರುವಾಗದ್ದನ್ನು ಪ್ರತಿ ತಿಂಗಳು ಸೋಸಿ ನೋಡಿ.

ಇನ್ನೊಂದು ಅಪಾಯ ವಿಂಗಡಿಸುವಾಗ. ಪಿನ್ ಕಾಲಂ ಒಂದನ್ನೇ ಆರಿಸಿ ಸಾರ್ಟ್ ಒತ್ತಿದರೆ ಹೆಸರು ಒಂದು ಕಡೆ, ಪಿನ್ ಇನ್ನೊಂದು ಕಡೆ. ‘ಪೂರ್ತಿ ಸಾಲು ಸೇರಿಸಬೇಕಾ’ ಅಂತ ಕೇಳುವ ಕಿಟಕಿಯನ್ನು ಓದದೆ ಮುಚ್ಚಬೇಡಿ. ಸಾರ್ಟ್ ಆದ ಮೇಲೆ ನಿಮಗೆ ಬಾಯಿಗೆ ಬರುವ ಐದು ವಿಳಾಸ ಹುಡುಕಿ ನೋಡಿ. ನಮ್ಮ ಐದರಲ್ಲಿ ಒಂದು ನನ್ನ ಅತ್ತೆಯ ಮನೆ.

ಹಳ್ಳಿ ವಿಳಾಸಕ್ಕೆ ಅಂಚೆ ಮತ್ತು ತಾಲ್ಲೂಕು ಎರಡೂ ಬೇಕೇ ಬೇಕು. ಹೊಸಹಳ್ಳಿ, ರಾಮಪುರ, ಹೊಸೂರು ನಮ್ಮ ನಾಡಿನಲ್ಲಿ ಎಷ್ಟಿವೆಯೋ! ಚಂದಾ ಕಟ್ಟಿದ ದಿನವೇ ಫೋನು ಮಾಡಿ ಕೇಳಿಕೊಳ್ಳಿ. ಯುಪಿಐನಲ್ಲಿ ದುಡ್ಡು ಹಾಕಿ ವಿಳಾಸವನ್ನು ಬೇರೆ ನಂಬರಿನಿಂದ ವಾಟ್ಸಾಪ್ ಮಾಡುವವರು ಈಗ ಜಾಸ್ತಿ. ಆ ಎರಡನ್ನೂ ಹೊಂದಿಸಲು ಒಬ್ಬರಿಗೇ ಜವಾಬ್ದಾರಿ ಕೊಡಿ.

ಕಟ್ಟು ಮತ್ತು ಕೌಂಟರ್

ಒಂದು ಸಲ ಕಲಬುರಗಿ ಕಡೆಯವರಿಗೆಲ್ಲ ಹತ್ತು ದಿನ ತಡ, ಶಿರಸಿ ಕಡೆಯವರಿಗೂ ಅಷ್ಟೇ. ಬೇರೆ ಎಲ್ಲರಿಗೂ ಬಂದಿತ್ತು. ಎರಡು ದೂರದ ಜಿಲ್ಲೆಗಳಿಗೆ ಒಟ್ಟಿಗೇ ತಡ ಅಂದರೆ ಏನು? ಶಿರಸಿ ಕಡೆಯ 581ರ ಕಟ್ಟಿಗೆ ಕಲಬುರಗಿಯ 585ರ ಚೀಟಿ, 585ರ ಕಟ್ಟಿಗೆ 581ರ ಚೀಟಿ. ಕಟ್ಟಿದ್ದು ನಾವೇ, ರಾತ್ರಿ ಹನ್ನೊಂದಕ್ಕೆ, ನಿದ್ದೆಗಣ್ಣಲ್ಲಿ. ಈಗ ಚೀಟಿ ಹಚ್ಚುವವರು ಒಬ್ಬರು, ಕಟ್ಟಿನ ಮೇಲಿನ ಪ್ರತಿಯ ಪಿನ್ ಗಟ್ಟಿಯಾಗಿ ಓದುವವರು ಇನ್ನೊಬ್ಬರು.

ಕೌಂಟರಿನಲ್ಲಿ ನಿಲ್ಲುವ ಕಾರಣಗಳು ಕಡಿಮೆ, ಆದರೆ ನಿಂತರೆ ಪೂರ್ತಿ ನಿಲ್ಲುತ್ತದೆ. ರಿಯಾಯಿತಿ ದರದ ಪತ್ರಿಕೆಯನ್ನು ಗೊತ್ತುಮಾಡಿದ ಅಂಚೆ ಕಚೇರಿಯಲ್ಲಿ, ಗೊತ್ತುಮಾಡಿದ ತಾರೀಕಿನಂದೇ ಕೊಡಬೇಕು. ತಾರೀಕು ತಪ್ಪುವುದು ಖಾತ್ರಿಯಾದ ದಿನವೇ ಕಾರಣ ಬರೆದು ಕೊಟ್ಟು ಕೇಳಿ. ತಪ್ಪಿದ ಮೇಲೆ ಹೋಗಿ ಕೇಳಿದರೆ ಅವರ ಕೈಯೂ ಕಟ್ಟಿರುತ್ತದೆ.

ಅಂಚೆ ನೋಂದಣಿ ಮೂರು ವರ್ಷಕ್ಕೊಮ್ಮೆ ನವೀಕರಣ ಆಗುತ್ತದೆ. ಪತ್ರಿಕೆಗಳ ಮೇಲೆ 2024-26 ಎಂದು ಅಚ್ಚಾಗಿರುತ್ತದಲ್ಲ, ಅದೇ. ಡಿಸೆಂಬರ್ 31ಕ್ಕೆ ಅವಧಿ ಮುಗಿದರೆ ಜನವರಿ ಸಂಚಿಕೆ ರಿಯಾಯಿತಿ ದರದಲ್ಲಿ ಹೋಗುವುದಿಲ್ಲ. ನಾವು ನವೀಕರಣ ಸಮಯಕ್ಕೆ ಮಾಡಿಸಿದ್ದೆವು, ಆದರೆ ಪುಟದ ಮೇಲೆ ಹಳೆಯ ಅವಧಿಯ ಸಾಲೇ ಉಳಿದುಕೊಂಡಿತ್ತು. ಹಿಂದಿನ ತಿಂಗಳ ಫೈಲನ್ನೇ ತಿದ್ದಿ ಹೊಸ ಸಂಚಿಕೆ ಮಾಡುವವರಿಗೆ ಇದು ಆಗಿಯೇ ಆಗುತ್ತದೆ. ರಬ್ಬರ್ ಸ್ಟಾಂಪ್ ಮಾಡಿಸಿ 1,400 ಪ್ರತಿಗೂ ಒತ್ತಿ ಮುಗಿಸಲು ಒಂದು ಇಡೀ ದಿನ ಹಿಡಿಯಿತು.

ಅಂಚೆಯಲ್ಲೇ ತಡ ಅಂತ ಯಾವಾಗ ಹೇಳಬಹುದು?

ಇಷ್ಟೆಲ್ಲ ನೋಡಿ ಆದ ಮೇಲೆ ಮಾತ್ರ. ಆಗಲೂ ಪುರಾವೆ ಬೇಕು. ಸಾಮಾನ್ಯ ಅಂಚೆಯಲ್ಲಿ ಹೋಗುವ ಪತ್ರಿಕೆಗೆ ಟ್ರ್ಯಾಕಿಂಗ್ ಇಲ್ಲ. ನಮ್ಮ ಪ್ರತಿಗಳ ಮೇಲೆ ತಾರೀಕಿನ ಮುದ್ರೆಯೂ ಬೀಳುವುದಿಲ್ಲ. ಆದ್ದರಿಂದ ನಾವು ಎಂಟು ಊರಿನಲ್ಲಿ ಎಂಟು ಗೆಳೆಯರನ್ನು ಗೊತ್ತುಮಾಡಿಕೊಂಡೆವು. ಬೆಂಗಳೂರು, ಮೈಸೂರು, ಪುತ್ತೂರು, ಶಿರಸಿ, ಬೆಳಗಾವಿ, ಕಲಬುರಗಿ, ಒಂದು ಹಳ್ಳಿಯ ಶಾಖಾ ಅಂಚೆ ಕಚೇರಿ, ರಾಜ್ಯದ ಹೊರಗೆ ಮುಂಬೈ. ಪತ್ರಿಕೆ ಕೈಗೆ ಬಂದ ದಿನ ‘ಬಂತು’ ಎಂದು ಒಂದು ಮೆಸೇಜ್ ಹಾಕಬೇಕು, ಅಷ್ಟೇ. ಅವರ ಪ್ರತಿಗಳನ್ನು ಬೇರೆ ಇಡಬೇಡಿ, ಎಲ್ಲರ ಕಟ್ಟಿನೊಳಗೇ ಸೇರಿಸಿ. ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ.

ನಾಲ್ಕು ತಿಂಗಳ ಮೆಸೇಜ್ ಸೇರಿದಾಗ ಪ್ರತಿ ಊರಿಗೂ ಮಾಮೂಲು ಎಷ್ಟು ದಿನ ಅಂತ ನಿಮಗೇ ತಿಳಿಯುತ್ತದೆ. ಆಮೇಲೆ ಯಾರಾದರೂ ಬಂದಿಲ್ಲ ಎಂದಾಗ ‘ನಿಮ್ಮ ಕಡೆ ಸಾಮಾನ್ಯವಾಗಿ ಇಷ್ಟು ದಿನ ಆಗುತ್ತದೆ, ಇನ್ನು ಮೂರು ದಿನ ನೋಡಿ’ ಎಂದು ಧೈರ್ಯವಾಗಿ ಹೇಳಬಹುದು. ಅಂಚೆ ಕಚೇರಿಗೆ ಹೋದಾಗಲೂ ‘ತುಂಬಾ ತಡ ಆಗ್ತಿದೆ’ ಅನ್ನುವುದಕ್ಕಿಂತ, ಇಂಥ ತಾರೀಕು ಕೊಟ್ಟೆವು, ಈ ಪಿನ್‌ಕೋಡಿಗೆ ಮಾತ್ರ ಎರಡು ತಿಂಗಳಿಂದ ಹೀಗಾಗಿದೆ ಎಂದು ಹಾಳೆ ಇಟ್ಟರೆ ಕೇಳುವ ರೀತಿಯೇ ಬೇರೆ. ಒಮ್ಮೆ ಹಾಗೆ ಹೋದಾಗ ಆ ಬೀದಿಗೆ ಹೊಸ ಪೋಸ್ಟ್‌ಮ್ಯಾನ್ ಬಂದಿರುವುದು ಗೊತ್ತಾಯಿತು. ಚಂದಾದಾರರಿಗೆ ಫೋನು ಮಾಡಿ ಅವರನ್ನು ಪರಿಚಯ ಮಾಡಿಕೊಳ್ಳಿ ಅಂದೆವು. ಮುಂದಿನ ತಿಂಗಳಿಂದ ಸರಿಯಾಯಿತು.

ಪ್ರತಿ ತಿಂಗಳು 40 ಪ್ರತಿ ಜಾಸ್ತಿ ಅಚ್ಚು ಹಾಕಿಸಿ, ಲೇಬಲ್ ಹಚ್ಚದೆ ಕಪಾಟಿನಲ್ಲಿಡಿ. ಆ ಊರಿನ ಮಾಮೂಲಿಗಿಂತ ಒಂದು ವಾರ ಕಳೆದರೂ ಬಾರದಿದ್ದರೆ ಎರಡನೇ ಪ್ರತಿ ಕಳಿಸಿ, ಕಳಿಸಿದ ತಾರೀಕು ಅವರ ಹೆಸರಿನ ಮುಂದೆ ಬರೆಯಿರಿ. ಅದೇ ಹೆಸರು ಮೂರನೇ ಸಲ ಬಂದರೆ ಇನ್ನೊಂದು ಪ್ರತಿ ಕಳಿಸಬೇಡಿ. ಫೋನು ಮಾಡಿ, ಲೇಬಲ್‌ನಲ್ಲಿರುವ ವಿಳಾಸವನ್ನು ಪದ ಬಿಡದೆ ಅವರಿಗೆ ಓದಿ ಹೇಳಿ.